ಎರಡನೇ ವಿಮಾನದ ಬಾಲಕ್ಕೆ ಬಲೆಯ ಸೀಸ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದು ನನ್ನ ಕಥೆಯಲ್ಲ, ಪರಿಚಯದ ಇಬ್ಬರದು. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಕಲಿತ ಕನ್ನಡ ನನ್ನದು. ಇಬ್ಬರ ಮನಸ್ಸಿನೊಳಗೆ ಇಳಿದು ಹೇಳುವಷ್ಟು ಧೈರ್ಯ ಅದಕ್ಕಿದೆಯೋ ಇಲ್ಲವೋ ಎಂಬ ಅಳುಕು ಈ ಸಾಲು ಬರೆಯುವಾಗಲೂ ಇದೆ. ವಿಮಾನದ ವಿಷಯದಲ್ಲಿ ಎಲ್ಲಾದರೂ ತಪ್ಪಿದ್ದರೆ ತಿಳಿದವರು ಮನ್ನಿಸಬೇಕು. ಪ್ರೀತಿಯ ವಿಷಯದಲ್ಲಿ ತಪ್ಪಿದ್ದರೆ... ಹರಿಣಾಕ್ಷಿ ಮನ್ನಿಸಿದರೆ ಸಾಕು.

ಬರೆಯಲೇ ಎಂದು ಕೇಳಿದಾಗ ಅವಳು ಹೇಳಿದ್ದು ಇಷ್ಟೇ: "ಬರೀರಿ. ಆದ್ರೆ ನಾನ್ ಅತ್ತದ್ದಕ್ಕಿಂತ ಹೆಚ್ಚ್ ಅಳ್ಸ್ಬೇಡಿ."

*

2012ರ ಜನವರಿಯ ಒಂದು ಬೆಳಗು.

ಬೈಂದೂರಿನ ಪಡುವರಿಯಲ್ಲಿ, ಕಡಲ ಬದಿಯ ಒಂದು ತಗಡಿನ ಶೆಡ್ಡಿನ ಅಂಗಳದಲ್ಲಿ ಹರಿಣಾಕ್ಷಿ ದೋಣಿಯ ಅಚ್ಚಿನೊಳಗೆ ಬಗ್ಗಿ ನಿಂತಿದ್ದಳು. ಅಪ್ಪ ಸುಬ್ಬ ಮೊಗವೀರರು ಫೈಬರ್ ದೋಣಿ ಮಾಡುವವರು, ಮಗಳು ಅವರ ಬಲಗೈ. ಅಚ್ಚಿನ ಮೇಲೆ ಗಾಜಿನ ನಾರಿನ ಮ್ಯಾಟ್ ಹಾಸಿ, ಬ್ರಷ್‌ನಿಂದ ಅದಕ್ಕೆ ರೆಸಿನ್ ಎಂಬ ಅಂಟು ಕುಡಿಸಬೇಕು. ಬಿಸಿಲೇರಿದರೆ ರೆಸಿನ್ ಬೇಗ ಗಟ್ಟಿಯಾಗುತ್ತದೆ. ಹಾಗಾಗಿ ಬೆಳಗಿನ ಹೊತ್ತು ಅವಳಿಗೆ ತಲೆ ಎತ್ತಲೂ ಪುರುಸೊತ್ತಿಲ್ಲ.

ಆ ದಿನ ಎತ್ತಲೇಬೇಕಾಯಿತು.

ಮೂಡು ದಿಕ್ಕಿನ ಗದ್ದೆಯ ಕಡೆಯಿಂದ ಬೆಳ್ಳಗಿನದೊಂದು ಸದ್ದಿಲ್ಲದೆ ಬರುತ್ತಿತ್ತು. ಕೊಕ್ಕರೆ ಎಂದುಕೊಂಡಳು. ಆದರೆ ಅದು ರೆಕ್ಕೆ ಬಡಿಯಲಿಲ್ಲ. ನೆಟ್ಟಗೆ, ಯಾವ ಗಡಿಬಿಡಿಯೂ ಇಲ್ಲದೆ, ತನಗೆಂದೇ ಜಾಗ ಮಾಡಿಟ್ಟಿದ್ದಾರೆ ಎಂಬಂತೆ ಬಂದು ಹಸಿ ರೆಸಿನ್ನಿನ ಮೇಲೆ ಕೂತುಬಿಟ್ಟಿತು.

ಆಟಿಕೆಯ ವಿಮಾನ.

ಹಿಂದೆಯೇ ಗದ್ದೆಯಂಚು ಹಾರಿಕೊಂಡು ಒಬ್ಬ ಓಡಿ ಬಂದ. ಕೊರಳಲ್ಲಿ ರಿಮೋಟ್ ನೇತಾಡುತ್ತಿತ್ತು. ಉಸಿರು ಬಾಯಿಗೆ ಬಂದಿತ್ತು.

"ಹ್ವಾಯ್... ಅದನ್ನ ಮುಟ್ಬೇಡಿ, ಮುಟ್ಬೇಡಿ."

"ನಾನೆಂತ ಮುಟ್ಟುದ್? ಅದೇ ಬಂದ್ ನಮ್ಮ್ ದೋಣಿ ಮುಟ್ಟಿತ್. ಎಂತ ಇದ್, ಮೀನಿನ ಪೆಟ್ಟಿಗೆಯಾ?"

"ಪೆಟ್ಟಿಗೆದೇ ಥರ್ಮಾಕೋಲ್. ಈಗ ವಿಮಾನ."

"ವಿಮಾನವಾ. ಬಂಗ್ಡೆ ವಾಸ್ನೆ ಬತ್ತಿತ್ತಲ್ದಾ?"

ಅವನು ವಿಮಾನದ ಹೊಟ್ಟೆಯನ್ನೇ ನೋಡುತ್ತಿದ್ದ. ಅದು ಮೆಲ್ಲಗೆ ಕೆಳಗಿಳಿಯುತ್ತಿತ್ತು. ದೋಣಿಗೆ ಹಚ್ಚುವ ರೆಸಿನ್ ತಾಗಿದರೆ ಥರ್ಮಾಕೋಲ್ ಬಿಸಿನೀರಿಗೆ ಬಿದ್ದ ಬೆಲ್ಲದಂತೆ ಕರಗುತ್ತದೆ ಎಂಬುದು ಹರಿಣಾಕ್ಷಿಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಅವಳು ಗಾಬರಿಯಿಂದ ಎರಡೂ ಕೈ ಹಾಕಿ ಎತ್ತಿದಳು. ಅವನೂ ಕೈ ಹಾಕಿದ. ರೆಕ್ಕೆ ಅವನ ಕೈಗೆ ಬಂತು. ಉಳಿದದ್ದು ಅವಳ ಬೆರಳುಗಳ ನಡುವೆ ಅಂಟಂಟಾಗಿ ಇಳಿಯಿತು.

ಇಬ್ಬರೂ ಮುಖ ಮುಖ ನೋಡಿಕೊಂಡರು.

ಅವನ ಕಣ್ಣು ತುಂಬಿತ್ತು. ಅದನ್ನು ನೋಡಿ ಹರಿಣಾಕ್ಷಿಯ ಸಿಟ್ಟಿಗೆ ಎಲ್ಲಿ ನಿಲ್ಲಬೇಕೆಂದೇ ತಿಳಿಯದಾಯಿತು.

'ಗಂಡಸು... ಒಂದು ಆಟಿಕೆಗೆ...'

"ಈ ಮ್ಯಾಟ್ ಪೂರ್ತಿ ಕಿತ್ತ್ ಮತ್ತೆ ಹಾಸ್ಕ್," ಎಂದಳು ಬೇಕೆಂದೇ ಒರಟಾಗಿ. "ಬೆಳಿಗ್ಗೆದ್ ಕೆಲ್ಸ ಎಲ್ಲ ಹೋಯ್ತ್. ಯಾರ್ ಮಾಡುದ್?"

"ನಾನ್ ಮಾಡ್ತೆ."

"ತುರ್ಸತ್ತ್."

"ತುರ್ಸಲಿ."

ತುರಿಸಿತು. ಗಾಜಿನ ನಾರು ಮೊಣಕೈ ತನಕ ಹೊಕ್ಕು, ಮಧ್ಯಾಹ್ನದ ಹೊತ್ತಿಗೆ ಅವನು ಕೋತಿಯ ಹಾಗೆ ಕೆರೆದುಕೊಳ್ಳುತ್ತಿದ್ದ. ಸುಬ್ಬ ಮೊಗವೀರರು ತೆಂಗಿನೆಣ್ಣೆಯ ಬಾಟಲಿ ಮುಂದೆ ಹಿಡಿದು, "ಎಂತ ಮಾರಾಯ, ನಿಂಗೆ ಹಾರ್ಸುಕೆ ಬೇರೆ ಊರ್ ಸಿಕ್ಕ್ಲಿಲ್ಯಾ?" ಎಂದರು.

ಅವನ ಹೆಸರು ಪ್ರೇಮಾನಂದ. ಮುಂಬೈಯಲ್ಲಿ ಮಾವನ ಕ್ಯಾಂಟೀನಿನಲ್ಲಿದ್ದು, ಅಲ್ಲೇ ಮೊಬೈಲ್ ರಿಪೇರಿ ಕಲಿತು ಊರಿಗೆ ಬಂದವನು. ಬೈಂದೂರು ಬಸ್ ಸ್ಟ್ಯಾಂಡಿನ ಬಳಿ ಅವನದೊಂದು ಅಂಗಡಿ.

*

ಅವನು ಮತ್ತೆ ಬಂದ. ಹಾಳಾದ ಮ್ಯಾಟಿನ ಬದಲು ಹೊಸದು ತಂದುಕೊಡಲು ಬಂದೆ ಎಂದ. ಮುಂದಿನ ಸಲ ಯಾವ ನೆವವೂ ಹೇಳಲಿಲ್ಲ.

ಹರಿಣಾಕ್ಷಿ ಕೇಳಿದಳು: "ರಿಮೋಟ್ ನಿಮ್ ಕೈಯಲ್ಲಿತ್ತ್. ಮತ್ತೆ ಎಂತಕೆ ಇಲ್ಲಿಗ್ ಬಂತ್?"

"ಬೆಳ್ಗಿನ ಗಾಳಿ ಕಡ್ಲ್ ಬದಿಗ್ ಎಳ್ದ್ಕಂಡ್ ಹೋಯ್ತ್. ರಿಮೋಟಿಗೆ ಸಿಕ್ಕುವಷ್ಟ್ ಹತ್ರ ಇರ್ಲಿಲ್ಲ. ನಾನ್ ಕೈ ಬಿಟ್ಟೆ."

"ಕೈ ಬಿಟ್ರೆ ಬೀಳ್ಕಲ್ದಾ?"

"ಕಲಿಯುವವ್ರ ವಿಮಾನ ಹಾಂಗೆ ಬೀಳುದಿಲ್ಲ. ರೆಕ್ಕೆ ಮೇಲೆ, ಮೈ ಕೆಳ್ಗೆ. ಕೈ ಬಿಟ್ರೂ ತನ್ನಷ್ಟಕ್ಕೆ ನೇರ ಆತ್ತ್. ಕಲ್ತಾದ್ ಮೇಲೆ ಹಾರ್ಸುವ ಎರಡನೇ ವಿಮಾನ ಹಾಂಗಲ್ಲ. ನೀವ್ ಓರೆ ಮಾಡಿ ಇಟ್ರೆ ಓರೆಯೇ ಇರತ್ತ್. ಇಳಿವರಿಗೂ ಕೈ ಬಿಡುಕಾತಿಲ್ಲ."

ಅವಳ ಬ್ರಷ್ ನಿಂತಿತು.

ಎರಡು ವರ್ಷದ ಹಿಂದೆ ಅವಳಿಗೆ ಶಿರೂರಿನ ಹುಡುಗನೊಬ್ಬನ ಜೊತೆ ನಿಶ್ಚಿತಾರ್ಥವಾಗಿತ್ತು. ಗೋವಾದಲ್ಲಿ ಬೋಟಿನ ಎಂಜಿನ್ ಕೆಲಸ ಅವನಿಗೆ. ಮೊದಮೊದಲು ದಿನಾ ಫೋನು. ಆಮೇಲೆ ವಾರಕ್ಕೊಮ್ಮೆ. ಆಮೇಲೆ ಅದೂ ಇಲ್ಲ. ಏನೋ ಸರಿಯಿಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ಕೇಳಲಿಲ್ಲ. ಅವನೂ ಹೇಳಲಿಲ್ಲ. ತನ್ನಷ್ಟಕ್ಕೆ ಸರಿಹೋಗುತ್ತದೆ ಎಂದು ಕಾದಳು... ಕೊನೆಗೆ ಒಂದು ದಿನ ಹಿರಿಯರು ಬಂದು ಉಂಗುರ ವಾಪಸು ಕೇಳಿದರು.

"ಹಾಂಗಾದ್ರೆ ಎರಡನೇದ್ದ್ ಎಂತಕೆ ಬೇಕ್?" ಎಂದಳು. "ಮೊದಲ್ನೇದ್ದ್ರಂಥದ್ದೇ ಇನ್ನೊಂದ್ ಮಾಡಿ."

ಪ್ರೇಮಾನಂದ ನಕ್ಕ. "ನಾನೂ ಅದನ್ನೇ ಆಲೋಚ್ನೆ ಮಾಡ್ತಾ ಇದ್ದೆ."

ಆದರೆ ಅವನ ಮೊಬೈಲಿನಲ್ಲಿದ್ದದ್ದು ಬೇರೆ. ಪುಟ್ಟ ಪರದೆಯ ಮೇಲೆ ಒಂದೊಂದೇ ಚಿತ್ರ ತೋರಿಸಿದ. ಯುದ್ಧ ವಿಮಾನದ ಮಾದರಿ, ಮೂಗಿನ ಮೇಲೆ ಬಿಳಿ ಹಲ್ಲು ಬರೆದದ್ದು. ಉದ್ದ ರೆಕ್ಕೆಯ, ಮೋಟಾರೇ ಇಲ್ಲದ ಗ್ಲೈಡರ್. ಕೊನೆಗೆ ಹಗುರ ಮರದ ಕಡ್ಡಿಗಳಿಂದ ಕಟ್ಟಬೇಕಾದ, ರೆಕ್ಕೆ ಕೆಳಗಿರುವ, ನೋಡಲು ಅಷ್ಟೇನೂ ಚೆಂದವಿಲ್ಲದ ಒಂದು.

"ಎಲ್ರೂ ಮನ್ಸ್ ಕೊಡುದ್ ಈ ಹಲ್ಲಿಂದಕ್ಕೆ," ಎಂದ. "ಅದ್ ಹಾರ್ಸುಕೆ ಹೋಯಿ, ಮೇಲೆ ಹೋದಷ್ಟೇ ಬೇಗ ಕೆಳ್ಗೆ ಬಪ್ಪುದ್. ಆಮೇಲೆ ಈ ಹವ್ಯಾಸವೇ ಬ್ಯಾಡ ಅಂದೇಳಿ ಬಿಡ್ತ್ರ್. ಎರಡನೇದ್ರಲ್ಲೇ ಎಲ್ರೂ ತಪ್ಪುದ್."

"ನಿಮ್ಗೆ ಯಾವ್ದ್ ಬೇಕ್?"

"ಅದೇ ಗೊತ್ತಾತಿಲ್ಲ. ಎರಡ್ ತಿಂಗ್ಳಾಯ್ತ್ ಕಾಂತಾ ಇದ್ದೆ."

"ಅಂಗ್ಡಿಗೆ ಬಂದವ್ರ್ ಹೀಂಗೆ ಮಾಡಿದ್ರೆ ನೀವ್ ಎಂತ ಹೇಳ್ತ್ರಿ?"

"ಹೊರಗ್ ಹಾಕ್ತೆ."

ಅವಳು ಮೊಬೈಲ್ ಕಸಿದುಕೊಂಡು ಮೂರೂ ಚಿತ್ರಗಳನ್ನು ಮತ್ತೆ ನೋಡಿದಳು. ಆ ಮರದ ಕಡ್ಡಿಯದು ದೋಣಿಯ ಪಕ್ಕೆಲುಬಿನ ಹಾಗೆ ಕಂಡಿತು. ಕಟ್ಟುವುದು ಹೇಗೆಂದು ನೋಡಿದರೆ ತಿಳಿಯುತ್ತಿತ್ತು.

"ಇದ್," ಎಂದಳು. "ಒಡ್ದ್ರೆ ಮತ್ತೆ ಕಟ್ಟುಕಾತ್ತ್."

"ಕೈ ಬಿಡುಕಾತಿಲ್ಲ, ನೆನಪಿರ್ಲಿ."

"ಬಿಡ್ಬೇಡಿ."

ಅಷ್ಟು ಹೇಳಿ, ತಾನು ಏನೋ ಹೆಚ್ಚು ಹೇಳಿಬಿಟ್ಟೆನೇನೋ ಎಂಬಂತೆ ಅಚ್ಚಿನೊಳಗೆ ಬಗ್ಗಿದಳು. ಅವಳ ಕಿವಿ ಬಿಸಿಯಾಗಿತ್ತು.

*

ಬೆಂಗಳೂರಿನಿಂದ ಪಾರ್ಸೆಲ್ ಬಂತು. ಅಂಗಡಿಯಲ್ಲಿ ಜಾಗವಿಲ್ಲ ಎಂದು ಪ್ರೇಮಾನಂದ ಶೆಡ್ಡಿನ ಮೂಲೆಯ ಮೇಜಿನ ಮೇಲೆ ವಿಮಾನ ಕಟ್ಟತೊಡಗಿದ. ಸಂಜೆ ಅಂಗಡಿಗೆ ಬೀಗ ಹಾಕಿ ಬರುವನು. ಸುಬ್ಬ ಮೊಗವೀರರು ಬೀಡಿ ಸೇದುತ್ತ ನೋಡುವರು. ಒಮ್ಮೆ ಹೇಳಿದರು, "ಅಷ್ಟ್ ತೆಳು ಮರದಲ್ಲಿ ನಾವ್ ಮೀನ್ ಪೆಟ್ಟಿಗೆ ಸಹ ಮಾಡ್ತಿಲ್ಲೆ."

ಆ ಮಾತು ಹರಿಣಾಕ್ಷಿಯ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಅದೇ ವಾರ ಅಪ್ಪನ ತಂಗಿ ವನಜತ್ತೆ ಒಂದು ಸಂಬಂಧ ತಂದಳು. ಮಲ್ಪೆಯ ಹುಡುಗ. ಮನೆಯವರದೇ ಐಸ್ ಪ್ಲಾಂಟ್.

"ಒಂದ್ ಸಲ ಹಾಂಗಾಯ್ತ್. ಎರಡನೇ ಸಲ ಗಟ್ಟಿ ನೆಲ ಕಂಡ್ ಕಾಲ್ ಇಡ್ಕ್ ಹೆಣ್ಣೆ," ಎಂದಳು ಅತ್ತೆ. "ಬಪ್ಪ ಆದಿತ್ಯವಾರ ಅವ್ರ್ ಬತ್ತ್ರ್. ಅಷ್ಟರೊಳಗೆ ಹೂಂ ಅಂತಾದ್ರೂ ಹೇಳ್, ಉಹೂಂ ಅಂತಾದ್ರೂ ಹೇಳ್."

ಹರಿಣಾಕ್ಷಿ ಎರಡನ್ನೂ ಹೇಳಲಿಲ್ಲ.

'ಪ್ರೇಮಾನಂದರು ಏನಾದರೂ ಹೇಳಬಹುದು... ವಿಮಾನ ಹಾರಿದ ಮೇಲೆ ಹೇಳಬಹುದು...'

ಕೈಗೆ ಕೆಲಸವಿದ್ದರೂ ಮನಸ್ಸು ನಿಲ್ಲುತ್ತಿರಲಿಲ್ಲ. ರೆಸಿನ್ ಕಲಸುವಾಗ ಅಳತೆ ತಪ್ಪುವಳು. ಬಸ್ಸಿನ ಹಾರ್ನ್ ಕೇಳಿದರೆ ಬಾಗಿಲಿಗೆ ಬರುವಳು. ಮೂಲೆಯಲ್ಲಿ ಬರೀ ಅಸ್ಥಿಪಂಜರದಂತೆ ಕೂತ ಆ ವಿಮಾನವನ್ನು ನೋಡಿದಾಗಲೆಲ್ಲ ಒಂದೇ ಯೋಚನೆ. ಇದು ಬಿದ್ದರೆ? ಮತ್ತೊಮ್ಮೆ ಅವರ ಕಣ್ಣು ತುಂಬಿದರೆ?

ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಅವಳು ಮೊದಲು ಒಂದು ಚೂರು ಮರಕ್ಕೆ ರೆಸಿನ್ ಹಚ್ಚಿ ನೋಡಿದಳು. ಕರಗಲಿಲ್ಲ. ಆಮೇಲೆ ಗಾಜಿನ ಮ್ಯಾಟನ್ನು ಸಣ್ಣಗೆ ಕತ್ತರಿಸಿ, ವಿಮಾನದ ಮೂಗಿನ ಒಳಗೂ ರೆಕ್ಕೆ ಸೇರುವ ಕಡೆಯೂ ಒಂದು ಪದರ ಹಾಸಿ ರೆಸಿನ್ ಕುಡಿಸಿದಳು. ಒಂದು ಸಾಲದೆನಿಸಿತು. ಇನ್ನೊಂದು ಹಾಸಿದಳು.

ದೋಣಿಯವರ ಮಗಳು. ಹೆಚ್ಚು ಪದರ ಎಂದರೆ ಹೆಚ್ಚು ಗಟ್ಟಿ. ಬಂಡೆಗೆ ತಾಗಿದರೂ ಮನೆಗೆ ಬರುತ್ತದೆ. ಬುದ್ಧಿ ಬಂದಂದಿನಿಂದ ಅವಳು ಕಲಿತದ್ದು ಅದನ್ನೇ.

ಪ್ರೇಮಾನಂದ ಮರುದಿನ ಸಂಜೆ ಬಂದು ವಿಮಾನ ಎತ್ತಿದ. ಒಂದು ಗಳಿಗೆ ಹಾಗೇ ನಿಂತ. ರೆಕ್ಕೆಯ ಅಡಿಗೆ ಎರಡು ಬೆರಳಿಟ್ಟು ಮೇಲೆತ್ತಿ ನೋಡಿದ. ಮೂಗು ಕೆಳಗೆ ಬಾಗಿತು.

ಹರಿಣಾಕ್ಷಿಯ ಎದೆ ಹೊಡೆದುಕೊಂಡಿತು. 'ಬೈಯುತ್ತಾರಾ?'

"ನಿಮ್ಮನೆಯಲ್ಲಿ ಬಲೆಯ ಸೀಸ ಇತ್ತಾ?" ಎಂದ ಅವನು, ತಿರುಗದೆ.

ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡು ಯಾವ ಮೊಗವೀರರ ಮನೆಯಲ್ಲಿ ಇರುವುದಿಲ್ಲ? ಅವಳು ಒಂದು ಹಿಡಿ ತಂದುಕೊಟ್ಟಳು. ಅವನು ಅದನ್ನು ಬಾಲದೊಳಗೆ ಕಟ್ಟಿದ. ಏಕೆಂದು ಅವಳು ಕೇಳಲಿಲ್ಲ. ತಮ್ಮ ಮನೆಯದೊಂದು ವಸ್ತು ಅದರೊಳಗೆ ಸೇರಿತಲ್ಲ ಎಂದು ಒಳಗೊಳಗೇ ಖುಷಿಪಟ್ಟಳು.

*

ಈ ವಿಮಾನಕ್ಕೆ ಚಕ್ರವಿತ್ತು. ಓಡಲು ಗಟ್ಟಿ ನೆಲ ಬೇಕು. ಕಡಲು ಇಳಿದಾಗ ಒದ್ದೆ ಮರಳು ಸಿಮೆಂಟಿನಂತಿರುತ್ತದೆ. ಆದರೆ ಇಳಿತವೂ ಬೇಕು, ಪಡುಗಾಳಿ ಏಳುವ ಮೊದಲಿನ ಬೆಳಗೂ ಬೇಕು. ಎರಡೂ ಒಟ್ಟಿಗೆ ಸಿಗುವ ದಿನವನ್ನು ಹರಿಣಾಕ್ಷಿಯೇ ಲೆಕ್ಕ ಹಾಕಿ ಹೇಳಿದಳು.

ಬುಧವಾರ. ಆದಿತ್ಯವಾರಕ್ಕೆ ಇನ್ನೂ ಹೊತ್ತಿತ್ತು.

ಹಳದಿ ರೆಕ್ಕೆಯ ವಿಮಾನ ಮರಳ ಮೇಲೆ ಓಡಿತು. ಓಡಿತು, ಓಡಿತು, ಏಳಲೇ ಇಲ್ಲ. ನೀರು ಹತ್ತಿರ ಬಂದಾಗ ಒಲ್ಲದ ಮನಸ್ಸಿನಿಂದ ಎದ್ದಿತು. ಅವಳು ಉಸಿರು ಬಿಟ್ಟಳು. ತೆಂಗಿನ ಮರದ ಎತ್ತರದಲ್ಲಿ ಅವನು ಅದನ್ನು ತಿರುಗಿಸಲು ನೋಡಿದ.

ಒಂದು ರೆಕ್ಕೆ ಇದ್ದಕ್ಕಿದ್ದಂತೆ ಕೆಳಗೆ ವಾಲಿತು. ಹಿಂದೆಯೇ ವಿಮಾನ ಬಿತ್ತು.

ಮರಳಿಗೆ ಬಡಿದ ಸದ್ದು ಪುಟ್ಟದು. ಹರಿಣಾಕ್ಷಿಗೆ ಅದು ಬಹಳ ಹೊತ್ತು ಕೇಳಿಸುತ್ತಲೇ ಇತ್ತು.

ಪ್ರೇಮಾನಂದನ ಕಣ್ಣು ಈ ಸಲ ತುಂಬಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು. ಚೂರುಗಳನ್ನು ಆರಿಸಿ ಶೆಡ್ಡಿನ ಮೇಜಿನ ಮೇಲಿಟ್ಟ.

"ನನ್ ತಪ್ಪ್," ಎಂದ. "ಇದ್ ಇಲ್ಲೇ ಇರ್ಲಿ."

"ನಾಳೆ ಬತ್ರಿಯಾ?"

"ಕಾಂಬ, ಆದ್ರೆ ಬತ್ತೆ."

ಗುರುವಾರ ಬರಲಿಲ್ಲ. ಶುಕ್ರವಾರವೂ ಇಲ್ಲ. ಫೋನ್ ಮಾಡಿದರೆ ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು.

ಅವಳಿಗೆ ಈ ಮೌನದ ಪರಿಚಯವಿತ್ತು. ಶಿರೂರಿನ ಹುಡುಗನದೂ ಹೀಗೇ ಶುರುವಾದದ್ದು.

*

ಶನಿವಾರ ಬೆಳಿಗ್ಗೆ ವನಜತ್ತೆ ಬಂದಳು. ರಿಪೇರಿಯಾಗಿ ಬಂದ ಮೊಬೈಲನ್ನು ಸೆರಗಿನಿಂದ ಒರೆಸುತ್ತ ಕೂತಳು.

"ನಿಮ್ಮ್ ವಿಮಾನದ ಗಂಡ್ ಒಳ್ಳೇವ ಹೆಣ್ಣೆ. ಮಲ್ಪೆ ವಿಷ್ಯ ಹೇಳ್ದೆ. 'ಒಳ್ಳೇ ಸಂಬಂಧ, ತಡ ಮಾಡ್ಬೇಡಿ' ಅಂದ."

ಹರಿಣಾಕ್ಷಿಯ ಕೈಯಲ್ಲಿದ್ದ ಬ್ರಷ್ ಡಬ್ಬಿಯೊಳಗೆ ಜಾರಿತು.

"ಹಾಂಗಂದ್ರಾ?"

"ಮತ್ತೆ? ಅವ್ನಿಗ್ ಈಗ ಅದೆಲ್ಲ ಬ್ಯಾಡ ಅಂಬ್ರ್. ಬ್ರಹ್ಮಾವರದಲ್ಲಿ ಫೋಟೋ ಸ್ಟುಡಿಯೋ ಭೋಜರಾಜ ಅಂದೇಳಿ ಇದೇ ಹುಚ್ಚಿನವ ಒಬ್ಬ ಇದ್ದ, ಅವ್ನಿಗೆ ಆ ರಿಮೋಟ್ ಗಿಮೋಟ್ ಎಲ್ಲ ಕೊಡುಕೆ ಇವತ್ತ್ ಹೋತೆ ಅಂದ. ಒಳ್ಳೇದೇ ಆಯ್ತ್. ಆಟ ಆಡ್ವ ಪ್ರಾಯವಾ?"

ಅತ್ತೆ ಒಳಗೆ ಹೋದ ಮೇಲೆ ಹರಿಣಾಕ್ಷಿ ಮೂಲೆಯ ಮೇಜಿನ ಮುಂದೆ ನಿಂತಳು. ಕಣ್ಣೀರು ಬಂತು. ಒರೆಸಿಕೊಂಡಳು. ಮತ್ತೆ ಬಂತು.

ಸುಬ್ಬ ಮೊಗವೀರರು ಮಗಳ ಬೆನ್ನನ್ನೇ ನೋಡುತ್ತ ಹತ್ತಿರ ಬಂದರು. ಮುರಿದ ವಿಮಾನದ ಮೂಗನ್ನು ಕೈಗೆತ್ತಿಕೊಂಡರು.

"ಇದ್ ಎಂತ ಮಾರಾಯ್ತಿ ಇಷ್ಟ್ ಭಾರ? ಇದ್ ಹಾರುದಾ?"

ಅವಳು ತಿರುಗಿದಳು.

ಅಪ್ಪನ ಕೈಯಿಂದ ಅದನ್ನು ತೆಗೆದುಕೊಂಡಳು. ಇನ್ನೊಂದು ಕೈಯಲ್ಲಿ, ಪೆಟ್ಟಿಗೆಯಲ್ಲಿ ಉಳಿದಿದ್ದ ಮರದ ಹಾಳೆಯೊಂದನ್ನು ಹಿಡಿದಳು. ಮರ ಗರಿಯ ಹಾಗಿತ್ತು. ಅವಳು ಹಾಸಿದ ಎರಡು ಪದರ ಕಲ್ಲಿನ ಹಾಗಿತ್ತು.

ಅವನು ಬೀಳಿಸಿದ್ದಲ್ಲ. ಅವಳೇ ಬೀಳಿಸಿದ್ದು.

ಸ್ಟೂಲಿನ ಮೇಲೆ ಕೂತಳು. ಕೂರಲಾಗದೆ ಎದ್ದಳು. ಮುರಿದ ಬಾಲವನ್ನು ಎತ್ತಿದಾಗ ಒಳಗೆ ಸೀಸದ ಗುಂಡುಗಳು ಉರುಳಿದವು.

ಸೀಸ...

ಎರಡು ಬೆರಳ ಮೇಲೆ ಮೂಗು ಬಾಗಿದ್ದು ನೆನಪಾಯಿತು. ದೋಣಿಯ ಮುಂದೆ ಭಾರ ಹೆಚ್ಚಾದರೆ ಹಿಂದೆ ಕಲ್ಲಿಟ್ಟು ಸರಿಮಾಡುತ್ತಾರೆ. ಹಾಗಾದರೆ ಅವನಿಗೆ... ಎತ್ತಿದ ಆ ಗಳಿಗೆಯಲ್ಲೇ ಗೊತ್ತಾಗಿತ್ತು. ಯಾರು ಹಚ್ಚಿದ್ದೆಂದೂ ಗೊತ್ತಾಗಿತ್ತು. ಶೆಡ್ಡಿನಲ್ಲಿ ಅದನ್ನು ಮುಟ್ಟುವವರು ಇನ್ಯಾರಿದ್ದಾರೆ?

ಗೊತ್ತಿದ್ದೂ ಒಂದು ಮಾತು ಹೇಳಲಿಲ್ಲ. ಗೊತ್ತಿದ್ದೂ ಹಾರಿಸಿದ.

ಅಳು ನಿಂತುಹೋಯಿತು. ಅದರ ಜಾಗಕ್ಕೆ ಸಿಟ್ಟು ಬಂತು. ಶಿರೂರಿನವನ ಮೇಲೆ, ಮಲ್ಪೆಯವರ ಮೇಲೆ, ಕೇಳಬೇಕಾದ್ದನ್ನು ಕೇಳದೆ ಕೂತ ತನ್ನ ಮೇಲೆ... ಎಲ್ಲರಿಗಿಂತ ಹೆಚ್ಚು, 'ನನ್ ತಪ್ಪ್' ಎಂದು ಸುಳ್ಳು ಹೇಳಿ ಹೋದವನ ಮೇಲೆ.

"ಅಪ್ಪಯ್ಯ, ನಾನ್ ಬ್ರಹ್ಮಾವರಕ್ಕ್ ಹೋಯಿ ಬತ್ತೆ."

"ಈಗ್ಳಾ? ಎಂತಕೆ?"

"ಒಬ್ರಿಗೆ ಬೈಯ್ಯುಕಿತ್ತ್."

ಸುಬ್ಬ ಮೊಗವೀರರು ಬೀಡಿ ಹೊತ್ತಿಸಿಕೊಂಡರು. "ಬೈದಾದ್ ಮೇಲೆ ಊಟಕ್ಕ್ ಕರ್ಕಂಡ್ ಬಾ," ಎಂದರು.

*

ಬಸ್ಸು ಅಷ್ಟು ನಿಧಾನವಾಗಿ ಯಾವತ್ತೂ ಹೋಗಿರಲಿಲ್ಲ. ಮರವಂತೆಯಲ್ಲಿ ಒಂದು ಬದಿ ಕಡಲು, ಒಂದು ಬದಿ ಹೊಳೆ. ಅವಳು ಎರಡನ್ನೂ ನೋಡಲಿಲ್ಲ. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಡ್ರೈವರ್ ಇಳಿದು ಚಾ ಕುಡಿಯಲು ಹೋದ. ಅವಳು ಕಿಟಕಿಯಿಂದ ಅವನ ಗ್ಲಾಸನ್ನೇ ನೋಡುತ್ತಿದ್ದಳು. ಮಡಿಲ ಚೀಲದಲ್ಲಿ ವಿಮಾನದ ಬಾಲವಿತ್ತು. ಬಸ್ಸು ಕುಲುಕಿದಾಗಲೆಲ್ಲ ಸೀಸ ಸದ್ದು ಮಾಡುತ್ತಿತ್ತು.

'ಕೊಟ್ಟುಬಿಟ್ಟಿದ್ದರೆ? ಹೊರಟುಬಿಟ್ಟಿದ್ದರೆ? ನಾನ್ಯಾರು ಎಂದು ಕೇಳಿದರೆ?'

ಬ್ರಹ್ಮಾವರ ಬಸ್ ಸ್ಟ್ಯಾಂಡಿನ ಎದುರು ಸ್ಟುಡಿಯೋ ಸಿಕ್ಕಿತು. ಒಳಗೆ ಪ್ರೇಮಾನಂದ ಗ್ರಾಹಕರ ಬೆಂಚಿನ ಮೇಲೆ ಕೂತಿದ್ದ. ಶೇವ್ ಮಾಡಿರಲಿಲ್ಲ. ಮೇಜಿನ ಮೇಲೆ ರಿಮೋಟ್. ದಪ್ಪ ಮೀಸೆಯ ಭೋಜರಾಜ ಅದರ ಕಡ್ಡಿಗಳನ್ನು ಅತ್ತಿತ್ತ ಆಡಿಸಿ ನೋಡುತ್ತಿದ್ದ.

"ಪಾಸ್‌ಪೋರ್ಟ್ ಸೈಜಾ ಅಮ್ಮ? ಹತ್ತ್ ನಿಮಿಷ ಕೂಕಣಿ."

"ಫೋಟೋ ಬ್ಯಾಡ. ಅದನ್ನ ಕೆಳ್ಗೆ ಇಡಿ."

ಪ್ರೇಮಾನಂದ ದಡಕ್ಕನೆ ಎದ್ದು ನಿಂತ. "ನೀವಾ?"

"ಹೌದ್, ನಾನೇ." ಅವಳು ಚೀಲದಿಂದ ಬಾಲ ತೆಗೆದು ರಿಮೋಟಿನ ಪಕ್ಕ ಇಟ್ಟಳು. ಎರಡು ಸೀಸದ ಗುಂಡು ಉರುಳಿ ಭೋಜರಾಜನ ಕಾಲ ಬಳಿ ಬಿದ್ದವು. "ಇದ್ ಎಂತಕೆ ಕಟ್ಟಿದ್ರಿ?"

ಅವನು ಬಗ್ಗಿ ಆ ಗುಂಡುಗಳನ್ನು ಹೆಕ್ಕಿಕೊಂಡ.

"ಗೊತ್ತಿತ್ತಲ್ದಾ? ನಾನ್ ಫೈಬರ್ ಹಾಸಿದ್ದ್?"

"...ಎತ್ತಿದ್ ಕೂಡ್ಲೆ ಗೊತ್ತಾಯ್ತ್."

"ಹಾರುದಿಲ್ಲ ಅಂತ್ಲೂ ಗೊತ್ತಾಯ್ತಾ?"

"ಹಾರ್ಬಹುದು ಅಂದೇಳಿ ಇತ್ತ್. ಚೂರ್ ಜೋರ್ ಓಡ್ಸಿದ್ರೆ."

"ಭಾರ ಆಯ್ತ್ ಅಂತ ಒಂದ್ ಮಾತ್ ಹೇಳುಕೆ ನಿಮ್ಗೆ ಬಾಯಿ ಇರ್ಲಿಲ್ಯಾ?"

"ಹೇಳಿದ್ರೆ ನೀವ್ ಅದನ್ನ ಉಜ್ಜಿ ತೆಗೀತಿದ್ರಿ."

"ತೆಗೀತಿದ್ದೆ. ಮತ್ತೆಂತ ಮಾಡುದ್?"

"ನಂಗೆ ಅದ್ ತೆಗುಕೆ ಮನ್ಸಿರ್ಲಿಲ್ಲ."

ಸ್ಟುಡಿಯೋದ ಫ್ಯಾನ್ ಕಿರುಗುಟ್ಟುತ್ತಿತ್ತು. ಪ್ರೇಮಾನಂದ ನೆಲ ನೋಡುತ್ತ ಮುಂದುವರಿಸಿದ. "ನನ್ನದೊಂದ್ ವಸ್ತು ಒಡೀಬಾರ್ದ್ ಅಂತ ಯಾರೂ ಹಾಂಗೆ ಕೂತ್ ಹಚ್ಚಿದ್ದಿಲ್ಲ. ಹಾರಿ ಇಳಿದ್ರೆ, ಆಗ ನಿಮ್ ಹತ್ರ ಒಂದ್ ಮಾತ್ ಕೇಂಬ ಅಂದೇಳಿ ಇದ್ದೆ. ಬಿತ್ತ್. ಮರುದಿನ ನಿಮ್ಮತ್ತೆ ಬಂದ್ ಐಸ್ ಪ್ಲಾಂಟ್ ಅಂದ್ರ್. ಒಂದ್ ವಿಮಾನ ನೆಟ್ಟಗ್ ಇಳ್ಸುಕಾಗ್ದವ ಎಂತ ಹೇಳುದ್? ಒಳ್ಳೇದ್ ಅಂದೆ."

"ಯಾರಿಗೆ ಒಳ್ಳೇದ್?"

"...ಗೊತ್ತಿಲ್ಲೆ."

"ಎಂತ ಕೇಂಬ ಅಂದೇಳಿ ಇದ್ರಿ?"

ಅವನು ತಲೆ ಎತ್ತಿದ. ಈ ಸಲ ಕಣ್ಣು ತುಂಬಿತ್ತು.

"ಇಲ್ಲೇ ಕೇಣ್ಕಾ?"

"ಕೇಣಿ ಮಾರಾಯ್ರೆ," ಎಂದ ಭೋಜರಾಜ. "ನಾನ್ ಬೇಕಾರೆ ಡಾರ್ಕ್ ರೂಮಿಗ್ ಹೋತೆ. ಈಗ ಅದ್ರಲ್ಲಿ ಬರೀ ಪೊರಕೆ ಇತ್ತ್, ಆದ್ರೂ ಹೋತೆ."

ಅವನು ನಿಜಕ್ಕೂ ಹೋದ. ಬಾಗಿಲು ಮಾತ್ರ ಪೂರ್ತಿ ಹಾಕಿಕೊಳ್ಳಲಿಲ್ಲ.

"ಹರಿಣಾಕ್ಷಿ," ಎಂದ ಪ್ರೇಮಾನಂದ. ಅವಳನ್ನು ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನಾಳೆ ಮಲ್ಪೆಯವ್ರಿಗೆ ಬರ್ಬೇಡಿ ಅಂತ ಹೇಳುಕಾತ್ತಾ?"

ಅವಳಿಗೆ ನಗಬೇಕೆನಿಸಿತು, ಅಳು ಬಂತು.

"ಒಂದ್ ಮಾತ್ ಕೊಡಿ," ಎಂದಳು ಕೊನೆಗೆ. "ನಾನ್ ಮಾಡಿದ್ದ್ ಭಾರ ಆದ್ರೆ, ಭಾರ ಅಂತ ಹೇಳ್ಕ್. ಬೇಜಾರಾದ್ರೂ ಹೇಳ್ಕ್. ಸುಮ್ನೆ ಸೀಸ ಕಟ್ಟುಕಾಗ."

"ಹೇಳ್ತೆ."

"ನಾನೂ ಕೇಂತೆ. ಸರಿ ಆತ್ತ್ ಅಂತ ಕಾಯ್ತಾ ಕೂಕಂತಿಲ್ಲೆ."

ಒಳಗಿನಿಂದ ಭೋಜರಾಜ ಕೆಮ್ಮಿದ. "ಹಾಂಗಾದ್ರೆ ರಿಮೋಟ್ ನಂಗಿಲ್ಲ ಅಂತಾಯ್ತ್."

*

ಆದಿತ್ಯವಾರ ಮಲ್ಪೆಯವರು ಬರಲಿಲ್ಲ. ವನಜತ್ತೆ ಎರಡು ವಾರ ಮಾತು ಬಿಟ್ಟಳು. ಅಷ್ಟು ದಿನವೂ ಹರಿಣಾಕ್ಷಿ ಸ್ಯಾಂಡ್ ಪೇಪರ್ ಹಿಡಿದು ತಾನು ಹಾಸಿದ ಪದರಗಳನ್ನು ಉಜ್ಜುತ್ತ ಕೂತಳು. ಹಾಸುವುದಕ್ಕೆ ಒಂದು ಮಧ್ಯಾಹ್ನ ಸಾಕಾಗಿತ್ತು. ತೆಗೆಯುವುದು ಮುಗಿಯುವ ಕೆಲಸವೇ ಆಗಿರಲಿಲ್ಲ. ಪ್ರೇಮಾನಂದ ಮುರಿದ ಕಡ್ಡಿಗಳನ್ನು ಒಂದೊಂದಾಗಿ ಕೂಡಿಸಿದ. ಮೂಗಿನ ಒಳಗೆ, ಹೆಬ್ಬೆರಳಿನಷ್ಟಗಲದ ಒಂದು ತುಂಡು ಫೈಬರನ್ನು ಮಾತ್ರ ತೆಗೆಯಗೊಡಲಿಲ್ಲ.

"ಇಷ್ಟ್ ಭಾರ ತಡೀತ್ತ್. ಇದ್ ಇರ್ಲಿ."

ಏಪ್ರಿಲಿನ ಒಂದು ಬೆಳಗು ಇಳಿತವೂ ಸಿಕ್ಕಿತು, ಗಾಳಿಯೂ ಮಲಗಿತ್ತು. ಹಳದಿ ವಿಮಾನ ಮರಳ ಮೇಲೆ ಸ್ವಲ್ಪವೇ ಓಡಿ, ಯಾರೋ ಕರೆದಂತೆ ಎದ್ದು ಹೋಯಿತು.

ಹರಿಣಾಕ್ಷಿ ಕತ್ತೆತ್ತಿ ನೋಡಿದಳು. ಅದು ಓರೆಯಾಯಿತು. ಓರೆಯಾಗಿಯೇ ಉಳಿಯಿತು. ಅವನ ಹೆಬ್ಬೆರಳು ಅಲುಗಿದ ಮೇಲಷ್ಟೇ ನೇರವಾಯಿತು. ಅವಳ ಎದೆ ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು. ಅದು ಇಳಿಯುವವರೆಗೂ ಹೊಡೆದುಕೊಳ್ಳುತ್ತದೆ ಎಂದು ಅವಳಿಗೆ ಅರ್ಥವಾಯಿತು. ಅವನು ಹಾರಿಸಿದಾಗಲೆಲ್ಲ ಹೀಗೇ ಇರುತ್ತದೆ ಎಂದೂ.

"ಹಿಡಿತ್ಯಾ?" ಎಂದು ರಿಮೋಟ್ ಅವಳತ್ತ ಸರಿಸಿದ.

"ನಂಗೆ ಹೆದ್ರಿಕೆ."

"ನಂಗೂ."

ಅವಳು ಹಿಡಿದಳು. ಅವನ ಕೈ ಅವಳ ಕೈಯ ಮೇಲೆಯೇ ಇತ್ತು.

"ಬಿಡ್ಬೇಡಿ," ಎಂದಳು.

"ಬಿಡ್ತಿಲ್ಲೆ."

*

ಇಷ್ಟು ನನಗೆ ತಿಳಿದದ್ದು. ಅವರ ಮದುವೆಗೆ ಹೋಗಿ ಉಂಡು ಬಂದಿದ್ದೇನೆ. ಅದೇ ಊಟದ ಪಂಕ್ತಿಯಲ್ಲಿ ವನಜತ್ತೆ ನನ್ನ ಎಲೆಗೆ ಎರಡು ಸಲ ಪಾಯಸ ಬಡಿಸಿದಳು.

ಒಂದು ಮಾತ್ರ ತಿಳಿಯಲಿಲ್ಲ. ಆ ಶನಿವಾರ ಹರಿಣಾಕ್ಷಿ ಬಸ್ಸು ಹತ್ತದೆ ಇದ್ದಿದ್ದರೆ, ಪ್ರೇಮಾನಂದ ತಾನಾಗಿ ಪಡುವರಿಗೆ ಬರುತ್ತಿದ್ದನೇ? ಸಂಕೋಚಪಡುತ್ತಲೇ ಅವನನ್ನು ಕೇಳಿದೆ. ಗೊತ್ತಿಲ್ಲ ಎಂದ. ಅವಳನ್ನು ಕೇಳಿದೆ. ಅವಳಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ.